ಏಕತಾರಿಯ ನಾದ ಕಳೆದುಹೋಗದಂತೆ: ಜೂಮ್ ಎಚ್1ಎನ್ ರೆಕಾರ್ಡರ್ ಜೊತೆ ಆರು ವರ್ಷ

ಮೊಬೈಲ್‌ನಲ್ಲಿ ಹಾಳಾದ ಒಂದು ತತ್ವಪದ ನನ್ನಿಂದ ಈ ರೆಕಾರ್ಡರ್ ಕೊಳ್ಳಿಸಿತು. ಜೇವರ್ಗಿ ಕಡೆಯ ಹಳ್ಳಿಯೊಂದರಲ್ಲಿ ಮುತ್ಯಾ ಒಬ್ಬರು ಏಕತಾರಿ ಮೀಟುತ್ತ ಕಡಕೋಳ ಮಡಿವಾಳಪ್ಪನವರ ಪದ ಹಾಡಿದ್ದರು. ರಾತ್ರಿ ಕಲಬುರಗಿಗೆ ಮರಳಿ ಕೇಳಿದರೆ ಮುತ್ಯಾನ ದನಿ ಇದೆ, ಏಕತಾರಿ ಮಾತ್ರ ಆಗಾಗ ಬಂದು ಮಾಯವಾಗುತ್ತದೆ. ನನ್ನ ಫೋನಿಗೆ ಗೊತ್ತಿರುವುದು ಮಾತು. ಒಂದೇ ಸಮನೆ ಬರುವ ನಾದವನ್ನು ಅದು ಫ್ಯಾನಿನ ಸದ್ದೆಂದು ಬಗೆದು ಅಡಗಿಸುತ್ತದೆ; ಹಾಡುವವರು ಉಸಿರಿಗೆ ನಿಂತರೆ ಹಿಂದಿನ ಗದ್ದಲವನ್ನು ಎತ್ತಿ ಮುಂದೆ ತರುತ್ತದೆ. ಶ್ರುತಿಯನ್ನೇ ನುಂಗಿಬಿಟ್ಟ ತತ್ವಪದವನ್ನು ಇಟ್ಟುಕೊಂಡು ಏನು ಮಾಡುವುದು?

2019ರ ಕೊನೆಗೆ ಎಚ್1ಎನ್ ಕೊಂಡೆ. ಅದು ಮಾರುಕಟ್ಟೆಗೆ ಬಂದು ಆಗ ಒಂದೂವರೆ ವರ್ಷದ ಮೇಲಾಗಿತ್ತು. ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು, ಎರಡು ಸಣ್ಣ ಟ್ರಿಪಲ್ ಎ ಸೆಲ್, ತಲೆಯ ಮೇಲೆ 90 ಡಿಗ್ರಿ ಕೋನದಲ್ಲಿ ಕುಳಿತ ಎರಡು ಮೈಕ್. ನನಗೆ ಮುಖ್ಯವೆನಿಸಿದ್ದು ಮುಂಭಾಗದಲ್ಲಿರುವ ಲೆವೆಲ್ ತಿರುಪು, ಅಂದರೆ ದನಿ ಎಷ್ಟು ಜೋರಾಗಿ ಮುದ್ರಣವಾಗಬೇಕೆಂದು ಹೊಂದಿಸುವುದು. ಎದುರಿಗೆ ಕುಳಿತವರ ಮುಖದಿಂದ ಕಣ್ಣು ತೆಗೆಯದೆ ಹೆಬ್ಬೆರಳಿನಲ್ಲೇ ತಿರುಗಿಸಬಹುದು. ಹಾಡುವವರ ಮುಂದೆ ಕುಳಿತು ಮೆನುವಿನಲ್ಲಿ ಹುಡುಕಾಡುವುದು ಮರ್ಯಾದೆಯಲ್ಲ ಎಂದು ನಾನು ನಂಬಿದವನು.

ಎರಡೂ ಮೈಕ್‌ಗಳು ಒಂದೇ ಬಿಂದುವಿನಲ್ಲಿ ಸೇರಿಕೊಂಡಿರುವುದರ ಲಾಭ ಆಮೇಲೆ ತಿಳಿಯಿತು. ಹಾಡಿದವರ ಮನೆಯವರು ಅದನ್ನು ಕೇಳುವುದು ವಾಟ್ಸಾಪ್‌ನಲ್ಲಿ, ಒಂದೇ ಸ್ಪೀಕರ್ ಇರುವ ಫೋನಿನಲ್ಲಿ. ದೂರ ದೂರ ಇಟ್ಟ ಎರಡು ಮೈಕ್‌ಗಳ ದನಿಯನ್ನು ಹಾಗೆ ಒಂದುಗೂಡಿಸಿದರೆ ಕೆಲವು ಸ್ವರಗಳು ಒಂದನ್ನೊಂದು ಕಡಿದು ತೆಳುವಾಗುತ್ತವೆ. ಇದರಲ್ಲಿ ಆ ತೊಂದರೆ ಹೆಚ್ಚುಕಡಿಮೆ ಇಲ್ಲ.

ಯಂತ್ರ ಎಷ್ಟು ಒಳ್ಳೆಯದೇ ಇರಲಿ, ಅದನ್ನು ಎಲ್ಲಿ ಇಡುತ್ತೀರಿ ಎಂಬುದರಲ್ಲೇ ಅರ್ಧ ಕೆಲಸವಿದೆ. ಸುರಪುರದ ಹತ್ತಿರದ ಹಳ್ಳಿಯಲ್ಲಿ ಆಯಿ ಒಬ್ಬರು ಬೀಸುವ ಕಲ್ಲಿನ ಪದ ಹಾಡಲು ಒಪ್ಪಿದರು. "ಗಿರಣಿ ಬಂದ ಮೇಲೆ ಈ ಪದ ಯಾರೂ ಕೇಳಿಲ್ಲ ಯಪ್ಪಾ" ಎಂದು ಕಲ್ಲಿನ ಮೇಲಿನ ಧೂಳು ಒರೆಸಿ, ಒಂದು ಹಿಡಿ ಜೋಳ ಹಾಕಿ ಕುಳಿತರು. ನಾನು ಪುಟ್ಟ ಮುಕ್ಕಾಲಿಯ ಮೇಲೆ ರೆಕಾರ್ಡರ್ ಕೂರಿಸಿ ನೆಲದ ಮೇಲೆ ಇಟ್ಟೆ. ಪಡಸಾಲೆಗೆ ಹಾಸಿದ್ದು ಶಹಾಬಾದ್ ಪರಸಿ. ಕಲ್ಲು ತಿರುಗಿದೊಡನೆ ಅದರ ನಡುಕ ಪರಸಿಯಿಂದ ಮುಕ್ಕಾಲಿಗೆ, ಮುಕ್ಕಾಲಿಯಿಂದ ಮೈಕಿಗೆ ಏರಿ ಹೆಡ್‌ಫೋನಿನಲ್ಲಿ ಗುಡುಗಿದಂತಾಯಿತು. ಆಯಿಯ ದನಿ ಅದರಡಿ ಮುಚ್ಚಿಹೋಯಿತು. ಅವರ ಮನೆಯದೇ ಒಂದು ಕೌದಿ ಕೇಳಿ, ನಾಲ್ಕು ಮಡಿಕೆ ಮಾಡಿ ಮುಕ್ಕಾಲಿಯಡಿ ಹಾಸಿದೆ. ಇನ್ನೊಂದನ್ನು ಎದುರಿನ ಬರಿಗೋಡೆಗೆ ತೂಗುಹಾಕಿದೆ. ನಡುಕ ನಿಂತಿತು, ಗೋಡೆಗೆ ಬಡಿದು ಮರಳುತ್ತಿದ್ದ ದನಿಯೂ ತಗ್ಗಿತು. ಈಗ ಆ ರೆಕಾರ್ಡಿಂಗ್ ಹಾಕಿದರೆ ಕಾಳು ಒಡೆಯುವ ಸದ್ದು, ಬಳೆಯ ಸದ್ದು, ಗೂಟ ಹಿಡಿದ ಕೈ ಒಂದು ಸುತ್ತು ಮುಗಿಸುವ ಕಡೆ ಪದದ ಸಾಲು ತಿರುಗುವುದು, ಎಲ್ಲ ಬೇರೆಬೇರೆಯಾಗಿ ಕೇಳುತ್ತವೆ. ಅಂದಿನಿಂದ ನನ್ನ ಚೀಲದಲ್ಲಿ ಒಂದು ಕೌದಿ ಇದ್ದೇ ಇರುತ್ತದೆ.

ಇಂಥ ಚಿಕ್ಕ ರೆಕಾರ್ಡರುಗಳನ್ನು ಕೈಯಲ್ಲಿ ಹಿಡಿದು ಮುದ್ರಿಸಲೇಬಾರದು. ಬೆರಳು ಸ್ವಲ್ಪ ಸರಿದರೂ ಆ ಸದ್ದು ಒಳಗೆ ಹೋಗುತ್ತದೆ. ಬಯಲಿನಲ್ಲಿ ಗಾಳಿ ಇದಕ್ಕಿಂತ ದೊಡ್ಡ ಶತ್ರು. ಕಣದಲ್ಲಿ ತೊಗರಿ ರಾಶಿಯ ಹೊತ್ತು ಸ್ಪಂಜಿನ ಟೋಪಿ ಸಾಲದು. ಉದ್ದ ಕೂದಲಿನ ತುಪ್ಪಳದ ಹೊದಿಕೆ ಬೇಕು. ಕೆಳಸ್ವರಗಳನ್ನು ಕತ್ತರಿಸುವ ಲೋ ಕಟ್ ಸೌಲಭ್ಯವೂ ಇದರಲ್ಲಿದೆ. 80, 120, 160 ಹರ್ಟ್ಸ್ ಎಂದು ಮೂರು ಹಂತ. ಮಾತಿಗೆ 80 ಹಾಕುತ್ತೇನೆ. ಡೊಳ್ಳಿಗೆ ಯಾವುದನ್ನೂ ಹಾಕುವುದಿಲ್ಲ, ಡೊಳ್ಳಿನ ಎದೆಯೇ ಹೋಗಿಬಿಡುತ್ತದೆ.

ನನ್ನ ಅತಿ ದೊಡ್ಡ ತಪ್ಪು ನಡೆದದ್ದು ಯಾದಗಿರಿ ಜಿಲ್ಲೆಯಲ್ಲಿ, ಮೊಹರಂ ರಾತ್ರಿ. ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುವವರ ದನಿಗೆ ಲೆವೆಲ್ ಹೊಂದಿಸಿ ಕುಳಿತಿದ್ದೆ, ಹಲಗೆ ಬಡಿಯುವವರು ಬಂದರು. ನಲವತ್ತು ನಿಮಿಷ ಪೂರ್ತಿ ಲೆವೆಲ್ ಮೀರಿ ಒಡೆದ ದನಿ. ಕಡಿಮೆ ಲೆವೆಲ್‌ನಲ್ಲಿ ಬಂದದ್ದನ್ನು ಆಮೇಲೆ ಎತ್ತಬಹುದು, 24 ಬಿಟ್‌ನಲ್ಲಿ, ಅಂದರೆ ಮೆಲುದನಿಯ ವಿವರವೂ ಉಳಿಯುವಷ್ಟು ಸೂಕ್ಷ್ಮ ಅಳತೆಯಲ್ಲಿ, ಮುದ್ರಿಸುವುದು ಅದಕ್ಕೇ. ಒಡೆದದ್ದು ಮರಳಿ ಕೂಡುವುದಿಲ್ಲ. ಮೀಟರ್ ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ; ಹಾಗಾಗಿ ಈಗ ಹಾಡಿಗೆ ಅದು ಮೈನಸ್ 12 ಡೆಸಿಬೆಲ್ ದಾಟದಂತೆ, ಹಲಗೆ, ತಾಳ ಇದ್ದರೆ ಮೈನಸ್ 18ರ ಆಸುಪಾಸಿನಲ್ಲಿ ಇಡುತ್ತೇನೆ. ಆಟೋ ಲೆವೆಲ್ ಗುಂಡಿಯನ್ನು ಮುಟ್ಟುವುದೇ ಇಲ್ಲ. ಅದು ಫೋನಿನ ಚಾಳಿಯನ್ನೇ ಇಲ್ಲಿಗೂ ತರುತ್ತದೆ.

48 ಕಿಲೋಹರ್ಟ್ಸ್ (ಸೆಕೆಂಡಿಗೆ 48 ಸಾವಿರ ಸಲ ದನಿಯನ್ನು ಅಳೆಯುವುದು), 24 ಬಿಟ್ ವೇವ್‌ನಲ್ಲಿ, ಅಂದರೆ ದನಿಯನ್ನು ಕುಗ್ಗಿಸದ ಫೈಲಿನಲ್ಲಿ, ಗಂಟೆಗೆ ಸುಮಾರು 1 ಜಿಬಿ ಹಿಡಿಯುತ್ತದೆ. ಇದು ಒಪ್ಪುವ ದೊಡ್ಡ ಕಾರ್ಡ್ 32 ಜಿಬಿಯದು, ಅಂದರೆ ಮೂವತ್ತು ಗಂಟೆ. ಫೈಲ್ 2 ಜಿಬಿ ಆದೊಡನೆ ತಾನೇ ಹೊಸದನ್ನು ಶುರುಮಾಡುತ್ತದೆ; ಅಹೋರಾತ್ರಿ ಭಜನೆ ಮುದ್ರಿಸುವವರಿಗೆ ಇದು ಗೊತ್ತಿರಲಿ. ಕಾರ್ಡನ್ನು ಅಗ್ಗಕ್ಕೆ ಕೊಳ್ಳಬೇಡಿ. ಅಂಗಡಿಯೊಂದರಲ್ಲಿ ಕೊಂಡ ನಕಲಿ ಕಾರ್ಡ್‌ನಿಂದ ನನ್ನ ಒಂದು ದಿನದ ಸೋಬಾನೆ ಪದಗಳು ಹೋದವು. ಮೇಲೆ 32 ಎಂದು ಬರೆದಿತ್ತು, ಒಳಗೆ ಅಷ್ಟು ಜಾಗವಿರಲಿಲ್ಲ. ಹೊಸ ಕಾರ್ಡನ್ನು ಪೂರ್ತಿ ತುಂಬಿಸಿ, ಮರಳಿ ಓದಿಸಿ ನೋಡಿದ ಮೇಲೆಯೇ ಹೊರಗೆ ಒಯ್ಯುತ್ತೇನೆ.

ಸೆಲ್‌ಗಳು ಹತ್ತು ಗಂಟೆ ಬರುತ್ತವೆ ಎನ್ನುತ್ತದೆ ಕಂಪನಿ. ಮರುಚಾರ್ಜ್ ಸೆಲ್‌ಗಳಲ್ಲಿ ನನಗೆ ಆರೇಳು ಗಂಟೆ ಸಿಗುತ್ತದೆ. ಸೆಲ್ ಯಾವ ಬಗೆಯದೆಂದು ಮೆನುವಿನಲ್ಲಿ ಹೇಳಿದರೆ ಮಾತ್ರ ಪರದೆಯ ಗುರುತು ನಂಬುವಂತಿರುತ್ತದೆ.

ಬೇಸಿಗೆಯಲ್ಲಿ ನಮ್ಮ ಕಡೆ 42 ಡಿಗ್ರಿ ದಾಟಿದಾಗ ಹಿರಿಯರಿಗೆ ಫ್ಯಾನ್ ಆರಿಸಿ ಹಾಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಆರಕ್ಕೇ ಹೋಗುತ್ತೇನೆ. ಕರೆಂಟ್ ಹೋದ ಹೊತ್ತು ಬಂಗಾರದಂಥದು: ಫ್ರಿಜ್ಜಿಲ್ಲ, ಮೋಟರಿಲ್ಲ, ಓಣಿಯ ಟಿವಿ ಇಲ್ಲ. ನನ್ನಲ್ಲಿರುವ ಅತ್ಯಂತ ತಿಳಿಯಾದ ಜೋಗುಳ ಪದ ಅಂಥದೇ ಒಂದು ಮಧ್ಯಾಹ್ನದ್ದು.

ಇಂದು ಕೊಳ್ಳುವವರು ಏನು ನೋಡಬೇಕು? ಸುತ್ತ ಕುಳಿತ ಭಜನಾ ಮೇಳಕ್ಕೆ ಟಾಸ್ಕ್ಯಾಮ್ ಡಿಆರ್-05ಎಕ್ಸ್ ಚೆನ್ನಾಗಿ ಹೊಂದುತ್ತದೆ. ಅದರ ಮೈಕ್‌ಗಳು ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತವೆ, ಅಂಥ ಮೈಕಿಗೆ ಗಾಳಿಯ ಕಾಟವೂ ಕಡಿಮೆ. ಹೊರಗಿನ ದೊಡ್ಡ ಮೈಕ್ ಜೋಡಿಸುವ ಆಲೋಚನೆ ಇದ್ದರೆ ಎಚ್1ಎನ್ ಬೇಡ, ಇದರಲ್ಲಿ ದೊಡ್ಡ ಮೈಕ್‌ಗಳ ವೈರು ಸಿಕ್ಕಿಸುವ ಎಕ್ಸ್‌ಎಲ್‌ಆರ್ ಕಿಂಡಿ ಇಲ್ಲ. ಜೂಮ್ ಕಂಪನಿಯದೇ ಎಚ್4ಎನ್ ಪ್ರೊ ಕಡೆ ನೋಡಿ. 2024ರಲ್ಲಿ ಬಂದ ಎಚ್1 ಎಸೆನ್ಷಿಯಲ್ 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಅತಿ ಮೆಲುದನಿಯಿಂದ ಅತಿ ಜೋರಿನವರೆಗೆ ಹಿಡಿಯುವ ಬಗೆಯಲ್ಲಿ, ಮುದ್ರಿಸುತ್ತದೆ. ಅದಕ್ಕೆ ಲೆವೆಲ್ ಹೊಂದಿಸುವ ಗೋಜೇ ಇಲ್ಲ. ಅಂದು ಅದು ನನ್ನ ಕೈಯಲ್ಲಿದ್ದರೆ ಆ ಮೊಹರಂ ರಾತ್ರಿ ಉಳಿಯುತ್ತಿತ್ತೇನೋ. ಆದರೂ ಮೈಕಿನ ತಾಳಿಕೆಯನ್ನೇ ಮೀರಿದ ಸದ್ದನ್ನು ಯಾವ ಬಿಟ್ಟೂ ಸರಿಮಾಡದು, ಹಲಗೆಯಿಂದ ನಾಲ್ಕು ಮಾರು ದೂರ ಸರಿಯಲೇಬೇಕು.

ಯಾವುದನ್ನೇ ಕೊಳ್ಳಿ, ಮೊದಲ ವಾರ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಅಡುಗೆಮನೆಯಲ್ಲಿ ಇಟ್ಟು ಅಭ್ಯಾಸ ಮಾಡಿ. ಅವ್ವನ ಮೆಲುಮಾತು, ಅಂಗೈ ಬಡಿತ, ಹಂಚಿನ ಮೇಲೆ ನೀರು ಸವರಿದಾಗಿನ ಚುರ್ ಎನ್ನುವ ಸದ್ದು, ಮೂರೂ ಒಡೆಯದೆ ಒಂದೇ ಲೆವೆಲ್‌ನಲ್ಲಿ ಬಂದ ದಿನ ಹಳ್ಳಿಗೆ ಹೊರಡಿ.