ಮೂರು ವರ್ಷ ಕಟ್ಟಿಕೊಂಡ ಫಿಟ್‌ನೆಸ್ ಬ್ಯಾಂಡ್: ಕೊನೆಗೆ ಉಳಿದದ್ದು ಎರಡೇ ಕೆಲಸ

ಎಡಗೈ ಮಣಿಕಟ್ಟಿನಲ್ಲಿ ಒಂದೂವರೆ ಬೆರಳಗಲದ ಬಿಳಿಚಿದ ಪಟ್ಟೆಯೊಂದಿದೆ. ಮೂರು ವರ್ಷದಿಂದ ಅಲ್ಲೇ ಬೀಡುಬಿಟ್ಟಿರುವ ಬ್ಯಾಂಡಿನ ಗುರುತು ಅದು. ಬೇರೆಯವರು ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳನ್ನು ಓದಿ ಇದನ್ನು ತರಿಸಿದ್ದೆ. ಪರದೆ ಹೇಗೆ ಹೊಳೆಯುತ್ತದೆ, ಪಟ್ಟಿ ಎಷ್ಟು ಮೆತ್ತಗಿದೆ ಅನ್ನುವುದರಾಚೆ ಅವುಗಳಲ್ಲಿ ಏನೂ ಇರಲಿಲ್ಲ. ಮಾಡೆಲ್ ಹೆಸರು ಬೇಕಾಗಿಲ್ಲ ಬಿಡಿ, ಅದೀಗ ಮಾರಾಟಕ್ಕೂ ಇಲ್ಲ. ಈ ವರ್ಗದ ಬ್ಯಾಂಡುಗಳ ಗುಣ ಹೆಚ್ಚುಕಡಿಮೆ ಒಂದೇ.

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ನನ್ನದೂ ಅದೇ ಕಥೆ. ದಿನಕ್ಕೆ 10,000 ಹೆಜ್ಜೆ ಅಂತ ಬ್ಯಾಂಡ್ ತಾನೇ ಗುರಿ ಇಟ್ಟುಕೊಂಡು ಬಂದಿತ್ತು, ನಾನು ಪ್ರಶ್ನಿಸಲಿಲ್ಲ. ರಾತ್ರಿ ಹನ್ನೊಂದಕ್ಕೆ 640 ಹೆಜ್ಜೆ ಬಾಕಿ ಅಂತ ತೋರಿಸಿದರೆ ನಡುಮನೆಯಲ್ಲಿ ಗಾಣದೆತ್ತಿನಂತೆ ಸುತ್ತುತ್ತಿದ್ದೆ. ಗುರಿ ಮುಟ್ಟಿದಾಗ ಪರದೆ ಮೇಲೆ ಪಟಾಕಿ ಸಿಡಿಯುತ್ತಿತ್ತು. ಮನೆಯವರು ನಕ್ಕರು, ನಾನು ಸುತ್ತುತ್ತಲೇ ಇದ್ದೆ. ಸತತ 94 ದಿನದ ದಾಖಲೆ ಇತ್ತು, ಅದನ್ನು ಮುರಿಯುವುದಾದರೂ ಹೇಗೆ?

95ನೇ ದಿನ ಜ್ವರ ಬಂದು ದಾಖಲೆ ತಾನಾಗಿ ಮುರಿಯಿತು. ಮಲಗಿದ್ದಲ್ಲೇ ಕುತೂಹಲಕ್ಕೆ ಈ ಹತ್ತು ಸಾವಿರದ ಮೂಲ ಹುಡುಕಿದೆ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದು ಮಾರಾಟಕ್ಕೆ ಬಂದಿತ್ತು. ಹೆಸರು ಮಾನ್ಪೊ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಜಾಹೀರಾತಿಗೆ ಚೆಂದ ಕಾಣುವ ದುಂಡು ಸಂಖ್ಯೆ, ಅಷ್ಟೇ. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. 7,500ರ ಸುಮಾರಿಗೆ ಆ ಲಾಭ ಸಮತಟ್ಟಾಯಿತು. ನನ್ನ ವಯಸ್ಸಿಗೆ ಅದು ನೇರವಾಗಿ ಅನ್ವಯಿಸಲಿಕ್ಕಿಲ್ಲ, ಆದರೂ ಅವತ್ತೇ ಗುರಿಯನ್ನು 7,000ಕ್ಕೆ ಇಳಿಸಿದೆ. ನಡುಮನೆ ಪ್ರದಕ್ಷಿಣೆ ನಿಂತಿತು.

ಅಷ್ಟಕ್ಕೂ ಬ್ಯಾಂಡ್ ಎಣಿಸುವುದು ಕೈಯ ಬೀಸನ್ನು, ಕಾಲನ್ನಲ್ಲ. ಮಗುವಿನ ತಳ್ಳುಗಾಡಿ ಹಿಡಿದು ಒಂದು ಗಂಟೆ ನಡೆದರೆ ಲೆಕ್ಕಕ್ಕೆ ಬರುವುದು ಅಷ್ಟಿಷ್ಟು. ಕೂತಲ್ಲೇ ಜೋರಾಗಿ ಚಪ್ಪಾಳೆ ತಟ್ಟಿದರೆ ನಡೆದಿದ್ದೀರಿ ಅನ್ನುತ್ತದೆ. ಒಂದು ಸಂಜೆ ಸಭೆಯಲ್ಲಿ ಕುರ್ಚಿ ಬಿಟ್ಟೇಳದೆ 300 ಹೆಜ್ಜೆ ನಡೆದವನು ನಾನು.

ಹೃದಯ ಬಡಿತದ ವಿಷಯ ಇನ್ನೂ ಸ್ವಾರಸ್ಯದ್ದು. ಬ್ಯಾಂಡಿನ ಬೆನ್ನಿನಲ್ಲಿ ಮಿನುಗುವ ಹಸಿರು ದೀಪ ಕಂಡಿರಬಹುದು. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿಗೆ ರಕ್ತ ನುಗ್ಗಿದಾಗ ಹಿಂತಿರುಗುವ ಬೆಳಕು ಒಂದಿಷ್ಟು ಕುಗ್ಗುತ್ತದೆ, ಆ ಏರಿಳಿತವೇ ನಾಡಿ. ಸುಮ್ಮನೆ ಕೂತಾಗ ಲೆಕ್ಕ ಚೆನ್ನಾಗಿಯೇ ಬರುತ್ತದೆ: ಕತ್ತಿನ ನಾಡಿ ಹಿಡಿದು ಎಷ್ಟೋ ಸಲ ತಾಳೆ ನೋಡಿದ್ದೇನೆ, ಒಂದೆರಡು ಬಡಿತದ ವ್ಯತ್ಯಾಸ. ಓಡುವಾಗ ಬೇರೆಯೇ ಆಟ. ನಿಧಾನ ಓಟದಲ್ಲಿ ಒಮ್ಮೆ 168 ತೋರಿಸಿತು. ಎದೆ ಹೊಡೆದುಕೊಳ್ಳುತ್ತಿಲ್ಲ, ಆರಾಮಾಗಿ ಮಾತಾಡಬಲ್ಲೆ. ನಿಮಿಷಕ್ಕೆ ಹೆಜ್ಜೆ ಎಣಿಸಿದೆ, ಅದೂ ಹತ್ತಿರಹತ್ತಿರ 168! ಕೈಯ ಕುಲುಕಾಟದ ಲಯವನ್ನೇ ಬ್ಯಾಂಡ್ ನಾಡಿ ಅಂದುಕೊಂಡಿತ್ತು. ಪಟ್ಟಿಯನ್ನು ಮಣಿಗಂಟಿನಿಂದ ಎರಡು ಬೆರಳು ಮೇಲಕ್ಕೆ ಸರಿಸಿ ಬಿಗಿ ಮಾಡಿದ ಮೇಲೆ ಈ ಗೊಂದಲ ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ಚಳಿಯಲ್ಲಂತೂ ನಂಬಲೇಬಾರದು.

ಇದು ನನ್ನನ್ನು ನಿಜವಾಗಿ ಕಾಡಿದ್ದು ರಾತ್ರಿಯ ನಿದ್ದೆಗೆ ತಾನೇ ಕೊಡುವ ಅಂಕದಲ್ಲಿ. ಎರಡನೇ ವರ್ಷ ಕಣ್ಣು ಬಿಟ್ಟೊಡನೆ ಮೊದಲ ಕೆಲಸವೇ ಅಂಕ ನೋಡುವುದು. 81 ಬಂದರೆ ಹುರುಪು. 58 ಬಂದರೆ, ಅದುವರೆಗೆ ಚೆನ್ನಾಗಿಯೇ ಇದ್ದ ಮೈ ತಟ್ಟನೆ ಭಾರ. ಗಾಢ ನಿದ್ದೆ 41 ನಿಮಿಷ ಅಂತ ಓದಿ ಮಧ್ಯಾಹ್ನದವರೆಗೂ ಆಕಳಿಸಿದ್ದುಂಟು. ರಾತ್ರಿ ಎಚ್ಚರವಾದರೆ ಹೊರಳುವುದಕ್ಕೂ ಹಿಂಜರಿಕೆ, ಹೊರಳಿದರೆ ಅಂಕ ಹೋದೀತು! ಪರೀಕ್ಷೆ ಬರೆಯುವ ಹುಡುಗನ ಥರ ಮಲಗುವವನಿಗೆ ನಿದ್ದೆ ಎಲ್ಲಿಂದ ಬರಬೇಕು?

ನಿದ್ದೆಯ ಹಂತಗಳನ್ನು ಸರಿಯಾಗಿ ಗುರುತಿಸಲು ಪ್ರಯೋಗಾಲಯದಲ್ಲಿ ತಲೆಗೆ ವಿದ್ಯುದ್ವಾರ ಅಂಟಿಸಿ ಮೆದುಳಿನ ಅಲೆ ದಾಖಲಿಸುತ್ತಾರೆ. ಬ್ಯಾಂಡಿಗೆ ಸಿಗುವುದು ಕೈಯ ಅಲುಗಾಟ ಮತ್ತು ನಾಡಿ ಮಾತ್ರ, ಮಿಕ್ಕಿದ್ದು ಅಂದಾಜು. ಎಷ್ಟು ಹೊತ್ತಿಗೆ ಮಲಗಿದೆ, ಎಷ್ಟಕ್ಕೆ ಎದ್ದೆ ಅನ್ನುವುದನ್ನು ಪರವಾಗಿಲ್ಲ ಅನ್ನುವ ಹಾಗೆ ಹಿಡಿಯುತ್ತದೆ. ಆದರೆ ಅಲುಗದೆ ಪುಸ್ತಕ ಓದುತ್ತಿದ್ದ ಅರ್ಧ ಗಂಟೆಯನ್ನೂ ನಿದ್ದೆಗೆ ಜಮೆ ಮಾಡಿದೆ. ಹೀಗೆ ಅಂಕದ ಹಿಂದೆ ಬಿದ್ದು ನಿದ್ದೆ ಕೆಡಿಸಿಕೊಳ್ಳುವವರು ತಮ್ಮ ಬಳಿ ಬರುತ್ತಿರುವುದನ್ನು ಕಂಡ ಅಮೆರಿಕದ ನಿದ್ರಾತಜ್ಞರು 2017ರಲ್ಲಿ ಅದಕ್ಕೊಂದು ಹೆಸರನ್ನೂ ಇಟ್ಟರು: ಆರ್ಥೋಸೋಮ್ನಿಯಾ. ಓದಿದಾಗ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಅದೇ ದಿನ ನಿದ್ದೆಯ ಪುಟವನ್ನು ಫೋನಿನಲ್ಲಿರುವ ಬ್ಯಾಂಡಿನ ಆ್ಯಪ್‌ನ ಮುಖಪುಟದಿಂದ ತೆಗೆದೆ. ಎರಡು ವಾರ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು, ಆಮೇಲೆ ಮರೆಯಿತು.

ಹಾಗಾದರೆ ಇನ್ನೂ ಯಾಕೆ ಕಟ್ಟಿಕೊಂಡಿದ್ದೀಯ ಅಂತ ಕೇಳಿದವರಿದ್ದಾರೆ.

ಒಂದು, ವಿಶ್ರಾಂತಿಯಲ್ಲಿನ ನಾಡಿ. ಒಂದು ದಿನದ ಸಂಖ್ಯೆಗೆ ಬೆಲೆಯಿಲ್ಲ, ತಿಂಗಳುಗಳ ಏರಿಳಿತ ತೋರಿಸುವ ಗೆರೆಗೆ ಇದೆ. ನಡಿಗೆ ಅಭ್ಯಾಸವಾದ ಮೇಲೆ ನನ್ನದು ಒಂದು ವರ್ಷದಲ್ಲಿ 74ರಿಂದ 66ಕ್ಕೆ ನಿಧಾನವಾಗಿ ಇಳಿಯಿತು. ಕೆಲಸದ ಒತ್ತಡದಲ್ಲಿ ಆರು ವಾರ ನಡಿಗೆ ಬಿಟ್ಟಾಗ ಗೆರೆ ಮತ್ತೆ ಮೇಲೇರಿತು. ಜ್ವರ ಬರುವ ಹಿಂದಿನ ದಿನವೂ ಏಳೆಂಟು ಬಡಿತ ಜಾಸ್ತಿ ಇದ್ದದ್ದು ಆಮೇಲೆ ಹಿಂತಿರುಗಿ ನೋಡಿದಾಗ ಕಂಡಿತು. ಬೈಯುವುದಿಲ್ಲ, ಪಟಾಕಿ ಹಚ್ಚುವುದಿಲ್ಲ, ಬರೀ ಗೆರೆ ಎಳೆಯುತ್ತದೆ.

ಇನ್ನೊಂದು, ನಾನು ಕಂಡ ಯಾವ ಜಾಹೀರಾತಿನಲ್ಲೂ ಎತ್ತಿ ಹೇಳದ ಸೌಲಭ್ಯ: ಸದ್ದಿಲ್ಲದ ಅಲಾರಾಂ. ಬೆಳಿಗ್ಗೆ ಮಣಿಕಟ್ಟಿನ ಮೇಲೆ ಗುರ್ರ್ ಅಂತ ನಡುಗುತ್ತದೆ, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಇದರಿಂದ ಆದ ಲಾಭ ಬೇರೆ. ಅಲಾರಾಂಗೆ ಬೇಕು ಅನ್ನುವ ನೆಪದಲ್ಲೇ ಅಲ್ಲವೇ ಫೋನ್ ದಿಂಬಿನ ಪಕ್ಕ ಜಾಗ ಹಿಡಿದಿದ್ದು? ನೆಪ ಹೋಯಿತು, ಫೋನ್ ಹೊರಗಿನ ಕೋಣೆಯ ಕಪಾಟು ಸೇರಿತು. ಮಲಗುವ ಮುಂಚಿನ ಆ ‘ಇನ್ನೊಂದೇ ವಿಡಿಯೊ’ ನಿಂತು ನನ್ನ ಮಲಗುವ ಹೊತ್ತು ಮುಕ್ಕಾಲು ಗಂಟೆ ಹಿಂದೆ ಬಂದಿದೆ. ನಿದ್ದೆಯ ಅಂಕ ಒಂದು ವರ್ಷದಲ್ಲಿ ಮಾಡಲಾಗದ್ದನ್ನು ಈ ಗುರ್ರ್ ಒಂದು ವಾರದಲ್ಲಿ ಮಾಡಿತು.

ಬಾಳಿಕೆ ಬಗ್ಗೆ: ಪಟ್ಟಿ ಎರಡು ಸಲ ಹರಿದಿದೆ. ಮೊದಮೊದಲು ಹನ್ನೆರಡು ದಿನ ಬರುತ್ತಿದ್ದ ಬ್ಯಾಟರಿ ಈಗ ಐದು ದಿನಕ್ಕೆ ಸುಸ್ತು. ಸೋಪಿನ ನೀರು ಅಡಿಯಲ್ಲಿ ನಿಂತು ಒಮ್ಮೆ ಚರ್ಮ ಕೆಂಪಾಗಿ ಕೆರೆತ ಶುರುವಾಗಿತ್ತು, ಅಂದಿನಿಂದ ಸ್ನಾನಕ್ಕೆ ಬಿಚ್ಚಿಡುತ್ತೇನೆ. ತಯಾರಕರು ಕಳೆದ ವರ್ಷ ಕಳಿಸಿದ ಅಪ್‌ಡೇಟ್ ನನ್ನ ಪ್ರೀತಿಯ ಗೆರೆಯನ್ನು ಮೂರು ಪುಟಗಳ ಆಳಕ್ಕೆ ತಳ್ಳಿ, ಮೇಲ್ಗಡೆ ಚಂದಾದಾರಿಕೆಯ ಜಾಹೀರಾತು ಕೂರಿಸಿದೆ. ಅದಕ್ಕೆ ಒಂದು ನಕ್ಷತ್ರ ಕಡಿತ. ನಿದ್ದೆಯ ಅಂಕಕ್ಕೆ ಇನ್ನೊಂದು. ಐದಕ್ಕೆ ಮೂರು.

ಕೊಳ್ಳುವವರು ಮೊದಲ ದಿನವೇ ಬ್ಯಾಂಡ್ ಕಳಿಸುವ ಎಲ್ಲ ಸೂಚನೆಗಳನ್ನು (ನೋಟಿಫಿಕೇಶನ್) ಬಂದ್ ಮಾಡಿಬಿಡಿ, ಒಂದು ತಿಂಗಳ ಮೇಲೆ ಬೇಕೆನಿಸಿದ್ದನ್ನು ಒಂದೊಂದಾಗಿ ಹಚ್ಚಿಕೊಳ್ಳಿ. ಹೃದಯದ ತೊಂದರೆ ಇರುವವರಿಗೆ ಇದು ವೈದ್ಯರ ಬದಲಿಯಲ್ಲ, ಅಂಥ ಭರವಸೆಯನ್ನು ಬ್ಯಾಂಡಿನ ಡಬ್ಬಿಯ ಮೇಲೂ ಬರೆದಿರಲಿಲ್ಲ. ನನ್ನದು ಇನ್ನಾರು ತಿಂಗಳು ಬಂದರೆ ಹೆಚ್ಚು. ಮುಂದಿನದಕ್ಕಾಗಿ ಹುಡುಕಾಟ ಶುರು ಮಾಡಿದ್ದೇನೆ. ಒತ್ತಡದ ಅಂಕ, ಚೈತನ್ಯದ ಅಂಕ, ಸಿದ್ಧತೆಯ ಅಂಕ ಅಂತ ಸೌಲಭ್ಯಗಳ ಪಟ್ಟಿ ಉದ್ದಕ್ಕೆ ಹೋಗುತ್ತದೆ. ಅಲಾರಾಂ ಎಷ್ಟು ಗಟ್ಟಿಯಾಗಿ ನಡುಗುತ್ತದೆ ಅಂತ ಮಾತ್ರ ಒಬ್ಬರೂ ಬರೆದಿಲ್ಲ.