ಲುವಾರ್, ಗರೋನ್, ಮಾಯೆನ್: ಕಾರಿನ ಕಾಟವಿಲ್ಲದೆ ಸೈಕಲ್ ಹೊಡೆಯಲು ಯಾವ ದಡ?

ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಲುವಾರ್. ಅರಮನೆ, ದ್ರಾಕ್ಷಿತೋಟ, ಅಗಲವಾದ ನದಿ, ಫೋಟೋಗೆ ಏನು ಬೇಕೋ ಎಲ್ಲ ಉಂಟು. ಆದರೆ ನನ್ನನ್ನು ಕೇಳುವ ಗೆಳೆಯರಲ್ಲಿ ಹೆಚ್ಚಿನವರಿಗೆ ಅರಮನೆಯ ಚಿಂತೆ ಇಲ್ಲ. ‘ಹಿಂದಿನಿಂದ ಕಾರು ಬರುತ್ತಾ?’ ಅನ್ನುವುದೇ ಮೊದಲ ಪ್ರಶ್ನೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸೈಕಲ್ ತುಳಿದವರು ಬೇರೇನನ್ನು ಕೇಳಿಯಾರು! ಹಾಗಾಗಿ ಈ ಹೋಲಿಕೆಯನ್ನು ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಾನೂ ನನ್ನ ಹೆಂಡತಿಯೂ ತುಳಿದ ದಾರಿಗಳು ಮೂರು: ಲುವಾರ್ ದಡದಲ್ಲಿ ಬ್ಲುವಾದಿಂದ ಆಂಜೆ, ದಕ್ಷಿಣದಲ್ಲಿ ಗರೋನ್ ನದಿಯ ಸೀಮೆಯಲ್ಲಿ ಬೋರ್ಡೋದಿಂದ ಟುಲೂಸ್, ವಾಯವ್ಯದಲ್ಲಿ ಮಾಯೆನ್ ಪಟ್ಟಣದಿಂದ ಆಂಜೆ. ಮೂರಕ್ಕೂ ಅದೇ ಸೈಕಲ್ಲುಗಳು, ಅದೇ 40 ಮಿ.ಮೀ. ಟೈರು, ಹಿಂದೆ ಎರಡು ಚೀಲ. ಕೊನೆಗೆ ನಾನು ಕೊಡುವ ರ‍್ಯಾಂಕ್ ಹೆಸರುವಾಸಿಯ ರ‍್ಯಾಂಕಿಗೆ ತದ್ವಿರುದ್ಧ.

ಲುವಾರ್ ದಾರಿ ದೊಡ್ಡದು. ನೆವೇರ್ ಹತ್ತಿರದಿಂದ ಅಟ್ಲಾಂಟಿಕ್ ಸಮುದ್ರದವರೆಗೆ ಸುಮಾರು 900 ಕಿ.ಮೀ.; ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೊ 6 ಎಂಬ ಉದ್ದ ಸೈಕಲ್ ದಾರಿಯ ಭಾಗ. ಬೋರ್ಡುಗಳು ಎಷ್ಟು ಚೆನ್ನಾಗಿವೆ ಅಂದರೆ ಮೊಬೈಲ್ ಮ್ಯಾಪನ್ನು ಜೇಬಿನಿಂದ ತೆಗೆಯುವ ಕೆಲಸವೇ ಬೀಳಲಿಲ್ಲ. ಆದರೆ ಇಡೀ ದಾರಿ ಕಾರುಮುಕ್ತ ಅಂದುಕೊಂಡು ಹೋದರೆ ನಿರಾಸೆ ಖಂಡಿತ. ಮೋಟಾರು ವಾಹನಕ್ಕೆ ಪ್ರವೇಶವೇ ಇಲ್ಲದ ‘ವ್ವಾ ವೆರ್ತ್’ ತುಂಡುಗಳು ಅಲ್ಲಲ್ಲಿ ಬರುತ್ತವೆ. ಉಳಿದದ್ದು ವಾಹನ ಕಡಿಮೆ ಇರುವ ಹಳ್ಳಿ ರಸ್ತೆ ಮತ್ತು ಪ್ರವಾಹ ತಡೆಯಲು ಕಟ್ಟಿದ ಏರಿಯ ಮೇಲಿನ ಟಾರು. ‘ಕಡಿಮೆ’ ಎಂದರೆ ‘ಇಲ್ಲ’ ಅಂತಲ್ಲವಲ್ಲ. ಏರಿಯ ಮೇಲೆ ಹತ್ತು ನಿಮಿಷಕ್ಕೊಂದು ಕಾರು ಬಂದರೂ, ಬರುವುದು ಮಾತ್ರ ಊರಿಗೆ ಬೆಂಕಿ ಬಿದ್ದ ವೇಗದಲ್ಲಿ.

ಏರಿಗಳ ಕತೆ ಬೇರೆಯೇ ಇದೆ. 1846, 1856, 1866ರಲ್ಲಿ ಲುವಾರ್ ಮೂರು ಸಲ ಭಾರಿ ಉಕ್ಕಿತು. ಹಳೆಯ ಮನೆಗಳ ಗೋಡೆಯಲ್ಲಿ ಇಂದಿಗೂ ನೀರು ನಿಂತ ಎತ್ತರದ ಗೆರೆ, ಪಕ್ಕದಲ್ಲಿ ಇಸವಿ ಕೆತ್ತಿರುತ್ತದೆ. ಸೈಕಲ್ಲಿನ ಮೇಲೆ ಕೂತ ನನ್ನ ತಲೆಗಿಂತ ಮೇಲಿನ ಗೆರೆಯನ್ನು ನೋಡಿ, ಪಕ್ಕದಲ್ಲಿ ಮರಳು ದಿಬ್ಬಗಳ ನಡುವೆ ತೆಳ್ಳಗೆ ಹರಿಯುತ್ತಿದ್ದ ಬೇಸಗೆಯ ನದಿಯನ್ನು ನೋಡಿದರೆ ಎರಡೂ ಒಂದೇ ನದಿ ಅಂತ ನಂಬುವುದು ಕಷ್ಟ.

ಈ ದಾರಿಯಲ್ಲಿ ನನಗೆ ನಿಜಕ್ಕೂ ಹಿಡಿಸಿದ್ದು ಟೂರ್‌ನಿಂದ ಸೋಮ್ಯೂರ್ ತನಕದ ಭಾಗ. ಟೂರ್ ಬಿಟ್ಟ ಮೇಲೆ ಶೆರ್ ನದಿಯ ದಡ ಹಿಡಿದು ವಿಲಾಂದ್ರಿ, ಆಮೇಲೆ ಕಾಂದ್-ಸ್ಯಾಂ-ಮಾರ್ತಾಂ. ಅಲ್ಲಿ ವಿಯೆನ್ ನದಿ ಬಂದು ಲುವಾರ್ ಸೇರುತ್ತದೆ. ಅಲ್ಲಿಂದ ಮುಂದೆ ದಾರಿ ದ್ರಾಕ್ಷಿತೋಟಗಳ ಮೇಲೆ ಹತ್ತಿ, ಸುಜೆ ಎಂಬ ಊರಿನಲ್ಲಿ ಬಂಡೆ ಕೊರೆದು ಮಾಡಿದ ಬೀದಿಯ ಒಳಗೇ ನುಗ್ಗುತ್ತದೆ. ಸುತ್ತಲಿನ ಅರಮನೆಗಳಿಗೆಲ್ಲ ಬೇಕಾದ ಬಿಳಿ ಸುಣ್ಣಕಲ್ಲನ್ನು ಇಂಥ ಗುಡ್ಡಗಳಿಂದಲೇ ತೆಗೆದದ್ದು. ಕಲ್ಲು ತೆಗೆದ ಪೊಟರೆಗಳಲ್ಲಿ ಈಗ ವೈನ್ ಸಂಗ್ರಹ, ಅಣಬೆ ಕೃಷಿ, ಕೆಲವು ಕಡೆ ಮನೆಗಳು. ಬಿಸಿಲಿನಿಂದ ಒಳಹೊಕ್ಕಾಗ ತಂಪು ಮುಖಕ್ಕೆ ಹೊಡೆಯುತ್ತದೆ. ಸಸ್ಯಾಹಾರಿಗಳಿಗೂ ಸೋಮ್ಯೂರ್ ಸೀಮೆ ಒಳ್ಳೆಯದು: ಸೌದೆ ಒಲೆಯಲ್ಲಿ ಉಬ್ಬಿಸಿದ ‘ಫುವೆ’ ಎಂಬ ಪುಟ್ಟ ರೊಟ್ಟಿ, ಒಳಗೆ ಬಿಳಿ ಬೀನ್ಸ್ ಅಥವಾ ಆಡಿನ ಗಿಣ್ಣು (ಚೀಸ್). ಹಂದಿಮಾಂಸದ್ದೂ ಇರುತ್ತದೆ, ಕೇಳಿ ತಗೊಳ್ಳಿ. ಇನ್ನೊಂದು ಮಾತು: ಫ್ರೆಂಚರ ಸಾಂಪ್ರದಾಯಿಕ ಗಿಣ್ಣುಗಳಲ್ಲಿ ಬಹಳಷ್ಟಕ್ಕೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಮಡಿವಂತರು ಬೀನ್ಸಿಗೇ ಅಂಟಿಕೊಳ್ಳುವುದು ಕ್ಷೇಮ.

ಲುವಾರ್‌ನ ದೋಷ ಎರಡು. ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಅಂದರೆ ಸಮುದ್ರದ ಕಡೆಯಿಂದ. ನಾವು ಹೊಳೆಯ ಜೊತೆ ಇಳಿಯುತ್ತಿದ್ದೆವು, ಗಾಳಿ ಎದೆಗೇ. ಏರಿಯ ಮೇಲೆ ಮರದ ನೆರಳೂ ಇಲ್ಲ, ಮರೆಯೂ ಇಲ್ಲ. ಎರಡನೆಯದು ಜನ. ಜುಲೈ, ಆಗಸ್ಟಿನಲ್ಲಿ ಮುಂಗಡ ಕಾದಿರಿಸದೆ ಕೋಣೆ ಸಿಗುವುದು ಅದೃಷ್ಟದ ಮಾತು.

ಗರೋನ್‌ಗೆ ಬಂದರೆ ಕಾರಿನ ಪ್ರಶ್ನೆ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ. ಬೋರ್ಡೋದಿಂದ ಹೊರಡುವುದು ರೋಜೆ ಲಾಪೆಬಿ ಹೆಸರಿನ ಹಾದಿಯಲ್ಲಿ. ಆತ 1937ರ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದವನು. ಹಳಿ ಕಿತ್ತ ಹಳೆಯ ರೈಲುದಾರಿ ಇದು. ಏರುವುದು ಗೊತ್ತೇ ಆಗದಂತೆ ಏರಿಸಿ, ಕ್ರೆಯೋಂ ದಾಟಿಸಿ, ಸೋವ್‌ತೇರ್ ಎಂಬ ಕೋಟೆ ಬಾಗಿಲುಗಳ ಊರಿಗೆ ಬಿಡುತ್ತದೆ. ಅಲ್ಲಿಂದ ಸ್ವಲ್ಪ ದೂರ ಹಳ್ಳಿ ರಸ್ತೆ. ಆಮೇಲೆ ಸಿಗುವುದು ಗರೋನ್ ಕಾಲುವೆ: 1856ರಲ್ಲಿ ಮುಗಿದದ್ದು, ಟುಲೂಸ್ ತನಕ 193 ಕಿ.ಮೀ., ದೋಣಿಯನ್ನು ಮಟ್ಟದಿಂದ ಮಟ್ಟಕ್ಕೆ ಏರಿಸಿ ಇಳಿಸುವ 53 ಲಾಕ್‌ಗಳು. ದಡದ ಉದ್ದಕ್ಕೂ ನುಣುಪು ಟಾರು. ಪ್ರತಿ ಲಾಕ್ ಬಳಿ ಎರಡು ಮೂರು ಮೀಟರ್ ದಿಣ್ಣೆ, ಅಷ್ಟೇ. ಮಂಡಿ ನೋವಿನವರು, ಟ್ರೇಲರ್‌ನಲ್ಲಿ ಮಗು ಎಳೆಯುವವರು, ಜೀವನದಲ್ಲಿ ಮೊದಲ ಸಲ ಚೀಲ ಕಟ್ಟಿ ಹೊರಟವರು ಕಣ್ಣು ಮುಚ್ಚಿ ಇದನ್ನು ಆರಿಸಬಹುದು.

ನೋಡುವಂಥದ್ದೂ ಇದೆ. ಆಜಾಂ ಊರಿನಲ್ಲಿ ಕಾಲುವೆಯೇ ಸೇತುವೆ ಏರಿ ನದಿಯನ್ನು ದಾಟುತ್ತದೆ: 23 ಕಮಾನು, 539 ಮೀಟರ್. ಕೆಳಗೆ ಗರೋನ್ ಹರಿಯುತ್ತಿರುವಾಗ ಪಕ್ಕದಲ್ಲಿ ದೋಣಿಯೊಂದು ಆಕಾಶದಲ್ಲಿ ತೇಲಿಕೊಂಡು ಬಂದರೆ ಯಾರಾದರೂ ಬ್ರೇಕ್ ಹಿಡಿಯಲೇಬೇಕು. ಮುವಾಸಾಕ್‌ನಲ್ಲಿ ಮಧ್ಯಯುಗದ ಮಠದ ಪ್ರಾಕಾರ, ಶಾಸ್ಲಾ ಎಂಬ ಹೊನ್ನಬಣ್ಣದ ದ್ರಾಕ್ಷಿ. ಮೊಂತೆಕ್‌ನಲ್ಲಿ 1974ರ ಒಂದು ಯಂತ್ರವಿದೆ: ಎರಡು ಡೀಸೆಲ್ ಎಂಜಿನ್‌ಗಳು ದೋಣಿ ತೇಲುವಷ್ಟು ನೀರನ್ನೇ ಇಳಿಜಾರಿನ ಮೇಲೆ ತಳ್ಳಿಕೊಂಡು ಹೋಗಿ ಐದು ಲಾಕ್‌ಗಳ ಕೆಲಸ ತಪ್ಪಿಸುತ್ತಿದ್ದವು. ಈಗ ನಿಂತಿದೆ. ಇವೆಲ್ಲಕ್ಕಿಂತ ನನ್ನನ್ನು ಬೆರಗಾಗಿಸಿದ್ದು ಲ ಮಾಸ್-ದಾಜನೆ. ಕಾಲುವೆ ಬಿಟ್ಟು ಸ್ವಲ್ಪ ಮೇಲೆ ಹತ್ತಿದರೆ ಚಿಕ್ಕ ಊರು, ಅದರ ಚರ್ಚಿನೊಳಗೆ ರೆಂಬ್ರಾಂಟ್ 1631ರಲ್ಲಿ ಬರೆದ ಶಿಲುಬೆಯ ಕ್ರಿಸ್ತನ ಚಿತ್ರ. ಪ್ಯಾರಿಸ್‌ನ ಮ್ಯೂಸಿಯಂನಲ್ಲಿ ಕ್ಯೂ ನಿಂತು ನೋಡಬೇಕಾದಂಥದ್ದನ್ನು ಬೆವರು ಒರೆಸಿಕೊಳ್ಳುತ್ತ ನೋಡಿದೆವು.

ಹಾಗಿದ್ದರೆ ಗರೋನ್ ಯಾಕೆ ಮೊದಲ ಸ್ಥಾನದಲ್ಲಿಲ್ಲ? ಬೇಸರ. ಕಾಲುವೆ ಎಂಜಿನಿಯರ್‌ಗಳ ಕೆಲಸ, ನೆಟ್ಟಗೆ ಹೋಗುತ್ತದೆ. ಎರಡು ಕಡೆ ಮರ, ನಡುವೆ ಹಸಿರು ನೀರು, ಮುಂದೆ ಚುಕ್ಕಿಯಂತೆ ಕಾಣುವ ಸೇತುವೆ. ಸೇತುವೆ ದಾಟಿದರೆ ಮತ್ತೆ ಅದೇ. ಮಧ್ಯಾಹ್ನದ ಹೊತ್ತಿಗೆ ನಾವಿಬ್ಬರೂ ಮಾತು ಮುಗಿಸಿ, ಹಾಡು ಮುಗಿಸಿ, ಮುಂದಿನ ಲಾಕ್‌ನ ಹೆಸರು ಊಹಿಸುವ ಆಟಕ್ಕೆ ಇಳಿದಿದ್ದೆವು. ಗೋಲ್ಫೆಶ್ ಅಣುಸ್ಥಾವರದ ಗೋಪುರಗಳು ದೂರದಿಂದ ಕಂಡಾಗ ಸಂತೋಷವಾಯಿತು ಅಂದರೆ ಲೆಕ್ಕ ಹಾಕಿ. ಹೆಸರಿಗೆ ಗರೋನ್ ದಾರಿ, ಆದರೆ ನದಿಯ ದರ್ಶನ ಅಪರೂಪ. ಮರದ ಬೇರುಗಳು ಟಾರನ್ನು ಎತ್ತಿದ ಕಡೆ ಮಾತ್ರ ಎಚ್ಚರವಾಗುತ್ತದೆ.

ಟುಲೂಸ್ ಆಚೆ ಮಿದಿ ಕಾಲುವೆಯೂ ಇದೆಯಲ್ಲ ಅಂತ ಕೇಳುತ್ತಾರೆ. 1681ರ ಅದ್ಭುತ, ಯುನೆಸ್ಕೊ ಪಟ್ಟಿಯಲ್ಲಿದೆ, ಎಲ್ಲ ಸರಿ. ಆದರೆ ಟುಲೂಸ್ ಹತ್ತಿರದ ಟಾರು ಮುಗಿದ ಮೇಲೆ ಬಹಳ ಕಡೆ ಬೇರು, ಕಲ್ಲು, ಮಳೆ ಬಂದರೆ ಕೆಸರು. ಮೇಲಾಗಿ ಶಿಲೀಂಧ್ರ ರೋಗದಿಂದ ಅಲ್ಲಿನ ಪ್ಲೇನ್ ಮರಗಳನ್ನು ಸಾಲುಸಾಲಾಗಿ ಕಡಿಯಬೇಕಾಗಿದೆ. ಸಾಮಾನು ಹೊತ್ತ ಸೈಕಲ್ಲಿಗೆ ನಾನು ಹೇಳುವುದಿಲ್ಲ.

ಇನ್ನು ಮಾಯೆನ್. ನದಿಯ ಹೆಸರೂ ಅದೇ, ಪಟ್ಟಣದ ಹೆಸರೂ ಅದೇ, ಜಿಲ್ಲೆಯ ಹೆಸರೂ ಅದೇ. ನಾರ್ಮಂಡಿ ತೀರದಿಂದ ಲಾ ರೊಶೆಲ್‌ಗೆ ಹೋಗುವ ‘ವೆಲೊ ಫ್ರಾನ್ಸೆತ್’ ಎಂಬ ಉದ್ದ ದಾರಿಯ ಒಂದು ತುಂಡು ಇದು. 19ನೇ ಶತಮಾನದಲ್ಲಿ ನದಿಗೇ ಲಾಕ್‌ಗಳನ್ನು ಕಟ್ಟಿ ದೋಣಿ ಓಡುವಂತೆ ಮಾಡಿದರು. ದಡದ ಮೇಲೆ ನಡೆದು ಹಗ್ಗದಿಂದ ದೋಣಿ ಎಳೆಯುತ್ತಿದ್ದ ಹಾದಿಯೇ ಈಗ ಸೈಕಲ್ ಹಾದಿ. ಮಾಯೆನ್ ಜಿಲ್ಲೆಯೊಳಗೆ ಸುಮಾರು 85 ಕಿ.ಮೀ. ಒಂದೇ ಸಮ ನೀರಿನ ಪಕ್ಕ. ಕಾರಿಲ್ಲ.

ಕಾಲುವೆಗೂ ಇದಕ್ಕೂ ವ್ಯತ್ಯಾಸ ಒಂದೇ, ಅದೇ ಎಲ್ಲವೂ: ಇದು ನದಿ, ತನಗೆ ಬೇಕಾದಲ್ಲಿ ತಿರುಗುತ್ತದೆ. ಪ್ರತಿ ತಿರುವಿನಲ್ಲೂ ಬೇರೆ ನೋಟ. ಒಮ್ಮೆ ಕಡಿದಾದ ಕಾಡು, ಒಮ್ಮೆ ಬೇಲಿಸಾಲಿನ ಹುಲ್ಲುಗಾವಲು, ಒಡ್ಡಿನ ಮೇಲೆ ಬಿಳಿ ನೊರೆ, ಪಕ್ಕದಲ್ಲಿ ಹಳೆಯ ಗಿರಣಿ, ಲಾಕ್ ಕಾಯುವವರ ಪುಟ್ಟ ಮನೆ. ಆ ಮನೆಗಳಲ್ಲಿ ಕೆಲವು ಈಗ ತಂಗುಮನೆ. ಹಾದಿ ಗಟ್ಟಿ ಮಾಡಿದ ಮರಳು-ಜಲ್ಲಿ. ಟಾರಿನಷ್ಟು ಓಡುವುದಿಲ್ಲ, ಮಳೆ ಬಿದ್ದರೆ ಚೈನ್ ಕರಕರ ಅನ್ನುತ್ತದೆ. ತೆಳು ಟೈರಿನ ರೇಸ್ ಸೈಕಲ್ಲಿಗೆ ಇದು ಬೇಡ.

ದಾರಿಯಲ್ಲಿ ಲಾವಾಲ್ ಸಿಗುತ್ತದೆ. ಚಿತ್ರಕಾರ ಆಂರಿ ರೂಸೊ ಹುಟ್ಟಿದ್ದು ಅಲ್ಲೇ, 1844ರಲ್ಲಿ. ಕೋಟೆಯೊಳಗೆ ನಾಯೀವ್ ಕಲೆಯ, ಅಂದರೆ ಶಾಲೆಯಲ್ಲಿ ಕಲಿಯದೆ ಬರೆದವರ ಮುಗ್ಧ ಶೈಲಿಯ ಚಿತ್ರಗಳ, ಮ್ಯೂಸಿಯಂ ಇದೆ. ಸೈಕಲ್ ಹುಚ್ಚಿಗೆ ಹೆಸರಾದ ನಾಟಕಕಾರ ಆಲ್ಫ್ರೆ ಜಾರಿಯೂ 1873ರಲ್ಲಿ ಹುಟ್ಟಿದ್ದು ಅದೇ ಊರಲ್ಲಿ. ಇನ್ನೂ ಕೆಳಗೆ ಆಂತ್ರಾಮ್ ಬಳಿ, ನದಿಗೆ ತಾಗಿದಂತೆ ಪೋರ್-ದ್ಯು-ಸಾಲ್ಯು ಮಠ. ಪೋರ್ ಸಾಲ್ಯು ಗಿಣ್ಣು ಮೊದಲು ಮಾಡಿದ್ದು ಅಲ್ಲಿನ ಸನ್ಯಾಸಿಗಳು.

ತೊಂದರೆ ಹೊಟ್ಟೆಯದು. ಊರುಗಳು ಬಹುಪಾಲು ಕಣಿವೆಯ ಮೇಲೆ, ಹಾದಿ ಕೆಳಗೆ. ಒಂದು ಬ್ರೆಡ್ಡಿಗಾಗಿ ಮೂಗಿನ ತುದಿಯಲ್ಲಿ ಬೆವರಿಳಿಸಿಕೊಂಡು ದಿಣ್ಣೆ ಹತ್ತಿದರೆ ಬೇಕರಿ ಬಾಗಿಲು ಹಾಕಿರುತ್ತದೆ, ಯಾಕೆಂದರೆ ಅಂದು ಸೋಮವಾರ. ಲಾವಾಲ್ ಅಥವಾ ಶಾತೋ-ಗೊಂತಿಯೆಯಲ್ಲಿ ಚೀಲ ತುಂಬಿಸಿಕೊಳ್ಳಿ. ನೀರಿಗೆ ಫ್ರೆಂಚ್ ಸೈಕಲ್ಲಿಗರ ಹಳೆಯ ಉಪಾಯ ಸ್ಮಶಾನ: ಹೂಗಿಡಗಳಿಗೆಂದು ಒಂದು ನಲ್ಲಿ ಇರುತ್ತದೆ. ಕುಡಿಯಲು ಯೋಗ್ಯವಲ್ಲ ಎಂಬ ಬೋರ್ಡು ಇದೆಯೇ ಅಂತ ಮಾತ್ರ ನೋಡಿ. ನನ್ನ ಹೆಂಡತಿ ಮೊದಲು ಒಪ್ಪಲಿಲ್ಲ. ಮಧ್ಯಾಹ್ನದ ಬಿಸಿಲು ಒಪ್ಪಿಸಿತು.

ಹೀಗಾಗಿ ನನ್ನ ಲೆಕ್ಕದಲ್ಲಿ ಮಾಯೆನ್ ಮೊದಲು, ಗರೋನ್ ಎರಡು, ಲುವಾರ್ ಮೂರು. ಮಕ್ಕಳಿದ್ದರೆ ಮೊದಲೆರಡನ್ನು ಅದಲುಬದಲು ಮಾಡಿ. ಅರಮನೆ ನೋಡದೆ ವಾಪಸ್ ಬಂದರೆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ ಅನ್ನುವವರಿಗೆ ಇನ್ನೊಂದು ದಾರಿ ಉಂಟು. ಮಾಯೆನ್ ನದಿ ಆಂಜೆಯ ಹತ್ತಿರ ಸಾರ್ತ್ ನದಿಯೊಂದಿಗೆ ಕೂಡಿ ಮೇನ್ ಆಗುತ್ತದೆ, ಮೇನ್ ಹೋಗಿ ಲುವಾರ್ ಸೇರುತ್ತದೆ. ಆದ್ದರಿಂದ ರೈಲಿನಲ್ಲಿ ಲಾವಾಲ್‌ಗೆ ಬನ್ನಿ, ನದಿ ಹಿಡಿದು ಆಂಜೆಗೆ ಇಳಿಯಿರಿ, ಅಲ್ಲಿಂದ ಲುವಾರ್ ದಡ ಹಿಡಿದು ಪೂರ್ವಕ್ಕೆ ಸೋಮ್ಯೂರ್, ಕಾಂದ್, ಟೂರ್. ಏರಿಯ ಮೇಲೆ ಕಾರು ಇದ್ದೇ ಇರುತ್ತದೆ, ಆದರೆ ಗಾಳಿ ಬೆನ್ನಿಗಿರುತ್ತದೆ. ಟೂರ್‌ನಿಂದ ಪ್ಯಾರಿಸ್‌ಗೆ ರೈಲು ಸಿಗುತ್ತದೆ. ಸೈಕಲ್ಲಿಗೆ ಜಾಗ ಇದೆಯೇ ಅಂತ ಟಿಕೆಟ್ ತಗೊಳ್ಳುವಾಗಲೇ ನೋಡಿಕೊಳ್ಳಿ.