ಮಣ್ಣಿನ ಕಟ್ಟೆಗೆ ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್: ಮಳೆಗಾಲಗಳು ಕಳೆದ ಮೇಲೆ

ರೇಟಿಂಗ್: 5ಕ್ಕೆ 3. ಬಯಲುಸೀಮೆಯಲ್ಲಿದ್ದಿದ್ದರೆ 4 ಕೊಡುತ್ತಿದ್ದೆ.

ಮಡಿಕೇರಿ ಹತ್ತಿರ ನಾವು ಕೆಲವು ಮನೆಯವರು ಸೇರಿ ತರಕಾರಿ ತೋಟ ಮಾಡುತ್ತೇವೆ. ಅಲ್ಲಿ ಕೂರುವುದಕ್ಕೆ ಮಣ್ಣಿನ ಕಟ್ಟೆಗಳಿವೆ. ಕೆಳಗೆ ಕಲ್ಲಿನ ಪಾಯ, ಮೇಲೆ ಕೆಮ್ಮಣ್ಣು, ಮರಳು, ಭತ್ತದ ಹುಲ್ಲು ಸೇರಿಸಿ ತುಳಿದ ಮಣ್ಣು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಈ ಅಗಸೆ ಎಣ್ಣೆಯನ್ನು ಅವಕ್ಕೆ ಹಚ್ಚಿದ್ದೇವೆ.

ಇದು ಸುಮ್ನೆ ಜಿಡ್ಡಾಗಿ ಉಳಿಯುವ ಎಣ್ಣೆಯಲ್ಲ. ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಹಚ್ಚುವಾಗ ಮಣ್ಣು ಪೂರ್ತಿ ಒಣಗಿರಬೇಕು. ನಮ್ಮ ಕಡೆ ಅದಕ್ಕೆ ಫೆಬ್ರವರಿಯೇ ಸರಿ, ಕಾಫಿ ಗಿಡ ಹೂ ಬಿಡಿಸುವ ಹೂಮಳೆಗೆ ಮುಂಚೆ. ಮೊದಲ ಕೋಟು ಹಾಗೇ ಹಚ್ಚಿ. ಆಮೇಲಿನ ಕೋಟುಗಳಿಗೆ ಟರ್ಪೆಂಟೈನ್ ಬೆರೆಸುತ್ತಾ ತೆಳು ಮಾಡುತ್ತಾ ಹೋಗಿ, ಇಲ್ಲದಿದ್ದರೆ ಅಂಟಂಟಾಗಿ ನಿಲ್ಲುತ್ತದೆ. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ.

ತಗಡಿನ ಮಾಡಿನ ಕೆಳಗಿರುವ ಕಟ್ಟೆ ಈಗಲೂ ಗಟ್ಟಿಯಾಗಿದೆ. ಬಣ್ಣ ಸ್ವಲ್ಪ ಕಪ್ಪಾಯಿತು, ಅಷ್ಟೇ. ಎರಚಲು ಬಡಿದರೂ ನೀರು ಹನಿಯಾಗಿ ಜಾರಿ ಹೋಗುತ್ತದೆ. ಕಾಫಿ ಚೆಲ್ಲಿದರೆ ಒರೆಸಿದರಾಯಿತು.

ಬಯಲಲ್ಲಿರುವ ಕಟ್ಟೆಯ ಕಥೆಯೇ ಬೇರೆ. ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಕಕ್ಕಡ ತಿಂಗಳಲ್ಲಂತೂ, ಅಂದರೆ ಜುಲೈ-ಆಗಸ್ಟ್‌ನಲ್ಲಿ, ಬಿಡುವೇ ಇಲ್ಲ, ಅಲ್ವಾ? ಕೂದಲೆಳೆಯಷ್ಟು ಬಿರುಕು ಸಾಕು, ನೀರು ಒಳಗಿಳಿಯುತ್ತದೆ. ಮೇಲೆ ಎಣ್ಣೆಯ ಪದರ ಇರುವುದರಿಂದ ತೇವ ಹೊರಗೆ ಹೋಗುವುದು ಕಷ್ಟ. ಮುಂದಿನ ಅಂಚಿನಲ್ಲಿ ಹಪ್ಪಳದ ಹಾಗೆ ಚಕ್ಕೆ ಎದ್ದಿತ್ತು. ಉಗುರಿನಲ್ಲಿ ಎತ್ತಿ ನೋಡಿದರೆ ಒಳಗೆ ಹಸಿ ಕೆಸರು, ಹುಲ್ಲು ಕಪ್ಪಾಗಿ ಕೊಳೆತ ವಾಸನೆ.

ಸಿಮೆಂಟ್ ಬಳಿದುಬಿಡಿ ಅನ್ನುವವರು ಊರಿಗೊಬ್ಬರು ಸಿಗುತ್ತಾರೆ. ಅದು ಇನ್ನೂ ಕೆಟ್ಟದ್ದು. ಒಳಗೆ ಮಣ್ಣು ಮೆತ್ತಗಾಗುತ್ತಿದ್ದರೂ ಹೊರಗೆ ಗೊತ್ತೇ ಆಗುವುದಿಲ್ಲ. ಬಯಲಿನ ಕಟ್ಟೆಗೆ ಈಗ ಸುಣ್ಣದ ಗಾರೆ ಮಾಡುತ್ತಿದ್ದೇವೆ. ತೇವ ಒಳಗೆ ಹೋದರೂ ಅದು ಹೊರಗೆ ಬಿಡುತ್ತದೆ. ಆದರೆ ಎಣ್ಣೆ ಕುಡಿದ ಮಣ್ಣಿಗೆ ಗಾರೆ ಹಿಡಿಯುವುದಿಲ್ಲ, ಆ ಪದರವನ್ನೆಲ್ಲ ಕೆರೆದು ತೆಗೆಯಬೇಕು. ಕೆರೆಯುವ ಕೆಲಸ ಯಾರಿಗೂ ಬೇಡ!

ಕೊಡಗಿನಲ್ಲಿ ಇದನ್ನು ಕೊಳ್ಳುವವರು ಮೊದಲು ಮಾಡು ಹಾಕಿಸಿ, ಅಂಚು ಕಟ್ಟೆಗಿಂತ ಚೆನ್ನಾಗಿ ಹೊರಗೆ ಚಾಚಿರಲಿ. ಎಣ್ಣೆ ಆಮೇಲೆ. ಡಬ್ಬದಲ್ಲಿ ಮಿಕ್ಕಿದ್ದನ್ನು ಗುದ್ದಲಿ, ಕತ್ತಿಯ ಕಾವಿಗೆ ಹಚ್ಚಿ, ಮರಕ್ಕೆ ಒಳ್ಳೆಯದು.